ಹಂಚಿಕೆಗೂ ಮೊದಲು ಕಾಡು

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಕರ್ನಾಟಕ, ಗೋವಾ ನೀರಿಗಾಗಿ ಜಗಳವಾಡುವ ಮಹದಾಯಿ ನದಿ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘದ ಕೆಲವು ಹಿರಿಯರು, "ಗೋವಾದಲ್ಲಿ ಇದ್ದುಕೊಂಡು ನಾವು ಈ ವಿಷಯ ಎತ್ತೋದು ಬೇಡ ಅಲ್ವಾ?" ಎಂದರು. ಅವರ ಆತಂಕ ಅರ್ಥವಾಗುತ್ತದೆ. ಊರಿಗೆ ಹೋದರೆ ನಮ್ಮನ್ನು ಗೋವಾದವರು ಅಂತಾರೆ, ಇಲ್ಲಿ ಕರ್ನಾಟಕದವರು ಅಂತಾರೆ. ಆದರೆ ಎರಡೂ ಕಡೆಯ ನೀರು ಕುಡಿದವರು ನಾವೇ. ನಾವಲ್ಲದೆ ಇನ್ಯಾರು ಮಾತಾಡಬೇಕು?

ಯಾರಿಗೆಷ್ಟು ನೀರು ಅನ್ನುವ ಟಿಎಂಸಿ ಲೆಕ್ಕ ನಿಮಗೆಲ್ಲ ಬಾಯಿಪಾಠ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಎಂದಿತು, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33. ಆ ಜಗಳಕ್ಕೆ ನಾನು ಕೈ ಹಾಕುವುದಿಲ್ಲ. ನನ್ನದು ಒಂದೇ ಮಾತು. ಹಂಚಿಕೆಗೂ ಮೊದಲು ಕಾಡು.

ಇಲ್ಲೇ ಪೋಂಡಾದಲ್ಲಿ ನೀರಿನ ಟ್ಯಾಂಕರ್ ಓಡಿಸುವ ಹುಡುಗನೊಬ್ಬ ನನಗೆ ಪರಿಚಯ. ನರಗುಂದದ ಕಡೆಯವನು. ಹೊಲ ಇದೆ, ನೀರಿಲ್ಲ, ಹಾಗಾಗಿ ಇಲ್ಲಿಗೆ ಬಂದ. ಒಂದು ಮೇ ತಿಂಗಳು, ಮಹದಾಯಿಯ ಉಪನದಿ ಖಾಂಡೆಪಾರದ ದಡದಲ್ಲಿ ಸಿಕ್ಕಿದ. "ಸರ್, ನಮ್ಮೂರಾಗ ನೀರಿಗೆ ಹೋರಾಟ ನಡದೈತ್ರಿ, ನಾ ಇಲ್ಲಿ ನೀರು ಹಂಚಾಕತ್ತೀನಿ" ಎಂದು ನಕ್ಕ. ಆಮೇಲೆ ನದಿ ನೋಡುತ್ತಾ ಕೇಳಿದ: "ಅಲ್ರೀ, ಮಳೆ ನಿಂತು ಆರು ತಿಂಗಳಾತು. ಈ ನೀರು ಎಲ್ಲಿಂದ ಬರಾಕತ್ತೈತಿ?"

ಎಂಥ ಪ್ರಶ್ನೆ ನೋಡಿ! ಪಣಜಿ, ಪೋಂಡಾದ ನಲ್ಲಿಗಳಿಗೆ ನೀರು ಬರುವುದು ಈ ನದಿಯ ಓಪಾ ಘಟಕದಿಂದ. ದಿನಾ ನಲ್ಲಿ ತಿರುಗಿಸುವ ನಾವು ಯಾರೂ ಇದನ್ನು ಕೇಳಿಲ್ಲ.

ಮುಂದಿನ ಭಾನುವಾರ ಅವನನ್ನು ಮೊಲ್ಲೆಂ ಕಾಡಿನ ಕಡೆ ಕರೆದುಕೊಂಡು ಹೋದೆ. ರಸ್ತೆಯಲ್ಲಿ ಬಿಸಿಲು ಸುಡುತ್ತಿತ್ತು. ಹಳ್ಳದ ಪಕ್ಕ ಮರದ ಕೆಳಗೆ ಕೂತು ತರಗೆಲೆ ಸರಿಸಿದೆವು. ಮೇಲಿನದು ಗರಿಗರಿ. ಅದರ ಕೆಳಗಿನದು ಮೆತ್ತಗೆ, ಕಪ್ಪಗೆ. ಇನ್ನೂ ಕೆಳಗೆ ಸಣ್ಣ ಬೇರುಗಳ ಜಾಲ. ಅವನು ಒಂದು ಹಿಡಿ ಮಣ್ಣು ತೆಗೆದು ಅಮುಕಿದ. ಅಂಗೈ ಒದ್ದೆಯಾಯಿತು. ಮೇ ತಿಂಗಳಲ್ಲಿ! ಮಳೆಗಾಲದ ನೀರನ್ನು ಆ ಮಣ್ಣು ಕುಡಿದು, ಜಂಬಿಟ್ಟಿಗೆ ಕಲ್ಲಿನ ಸಂದಿಗೆ ಇಳಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ಮರ ಕಡಿದರೆ ಅದೇ ಮಳೆ ಮಣ್ಣನ್ನೂ ಎಳೆದುಕೊಂಡು ಜುಲೈನಲ್ಲೇ ಸಮುದ್ರ ಸೇರುತ್ತದೆ. ಬೇಸಿಗೆಗೆ ಉಳಿಯುವುದು ಬರೀ ಕಲ್ಲು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರ ಖಾನಾಪುರದ ಕಾಡು ಕಡದ್ರ ನಮ್ಮ ಮಲಪ್ರಭಾನೂ ಒಣಗತೈತೇನ್ರಿ?" ಎಂದ.

ನಾನು ಹೇಳಬೇಕೆಂದಿದ್ದು ಅದೇ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಮಹದಾಯಿ ಹುಟ್ಟುವುದೂ ಅದೇ ತಾಲ್ಲೂಕಿನ ಕಾಡಿನಲ್ಲಿ. ಒಂದು ಪೂರ್ವಕ್ಕೆ ಹರಿದು, ನರಗುಂದದ ಕಡೆಗೆ ನೀರು ಕೊಡುವ ಸವದತ್ತಿಯ ಅಣೆಕಟ್ಟು ತುಂಬಿಸುತ್ತದೆ, ಇನ್ನೊಂದು ಪಶ್ಚಿಮಕ್ಕೆ ಇಳಿದು ಪಣಜಿಯಲ್ಲಿ ಮಾಂಡವಿಯಾಗಿ ಸಮುದ್ರ ಸೇರುತ್ತದೆ. ನರಗುಂದದ ರೈತನಿಗೂ ಗೋವಾದ ಸತ್ತರಿ ತಾಲ್ಲೂಕಿನ ರೈತನಿಗೂ ಬೇಕಾಗಿರುವುದು ಅದೇ ಮಲೆಯ ಕಾಡು. ಹಂಚಿಕೆಗೂ ಮೊದಲು ಕಾಡು ಅನ್ನುವುದು ಇದಕ್ಕೇ.

ಅದೃಷ್ಟಕ್ಕೆ ಕಾಗದದ ಮೇಲೆ ಈ ಕಾಡಿಗೆ ರಕ್ಷಣೆ ಇದೆ. ಗಡಿಯ ಆಚೆ ಭೀಮಗಡ, 2011ರಲ್ಲಿ ಅಭಯಾರಣ್ಯವಾಯಿತು. ಈಚೆ ಮಹದಾಯಿ ಅಭಯಾರಣ್ಯ, 1999ರದು, 208 ಚದರ ಕಿಲೋಮೀಟರ್. ಪಕ್ಕದಲ್ಲೇ ಮೊಲ್ಲೆಂ ರಾಷ್ಟ್ರೀಯ ಉದ್ಯಾನ. ಅದರ ದಕ್ಷಿಣಕ್ಕೆ ನೇತ್ರಾವಳಿ ಅಭಯಾರಣ್ಯ. ಹುಲಿ ಇವುಗಳಲ್ಲೆಲ್ಲ ಓಡಾಡುತ್ತದೆ, ಅದಕ್ಕೆ ರಾಜ್ಯದ ಗಡಿ ಇಲ್ಲ. 2020ರ ಜನವರಿಯಲ್ಲಿ ಸತ್ತರಿಯ ಗೊಳಾವಲಿಯಲ್ಲಿ ತಾಯಿ, ಮರಿ ಸೇರಿ ನಾಲ್ಕು ಹುಲಿ ವಿಷಕ್ಕೆ ಬಲಿಯಾದವು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ಹುಲಿ ಬಾಯಿಗೆ ಹಸು ಕಳೆದುಕೊಂಡ ಮನೆಯವರ ಸಂಕಟವೂ ಸಣ್ಣದಲ್ಲ. ಪರಿಹಾರದ ಹಣ ತಕ್ಷಣ ಕೈಗೆ ಸಿಗಬೇಕು. ಅದಿಲ್ಲದೆ ಕಾಡಿನಂಚಿನ ಜನರಿಗೆ ಕಾಡು ಉಳಿಸಿ ಅಂತ ಯಾವ ಬಾಯಲ್ಲಿ ಹೇಳೋಣ? 2023ರ ಜುಲೈನಲ್ಲಿ ಗೋವಾದ ಹೈಕೋರ್ಟ್ ಪೀಠ ಗೋವಾ ಕಡೆಯ ಈ ಕಾಡುಗಳನ್ನು ಮೂರು ತಿಂಗಳಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ ಎಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಸಮಯ ಆಯ್ತು ಅಂತ ಚೀಟಿ ಬಂತು. ನದಿಯ ಕೆಳಭಾಗದ ಚೋರಾಂವ್ ದ್ವೀಪದ ಪಕ್ಷಿಧಾಮ, ಉಪ್ಪುನೀರಿನ ಕಾಂಡ್ಲಾ ಕಾಡು, ಉಬ್ಬರದ ನೀರಿಗೆ ಒಡ್ಡು ಕಟ್ಟಿ ಮಾಡಿದ ಖಾಜನ್ ಗದ್ದೆ ಎಲ್ಲ ಬಿಟ್ಟುಬಿಡುತ್ತೇನೆ. ಇಷ್ಟು ನೆನಪಿಡಿ: ಮೇಲಿಂದ ಸಿಹಿನೀರು ಕಡಿಮೆ ಆದಷ್ಟೂ ಉಬ್ಬರದ ಉಪ್ಪುನೀರು ನದಿಯೊಳಗೆ ಜಾಸ್ತಿ ನುಗ್ಗುತ್ತದೆ.

ಕೊನೆಗೆ ಒಂದು ಕೆಲಸ. ಖಾನಾಪುರದಿಂದ ಸತ್ತರಿವರೆಗಿನ ಕಾಡನ್ನು ಎರಡೂ ಸರ್ಕಾರ ಒಟ್ಟಿಗೆ ಕೂತು ಕಾಯಬೇಕು ಎಂದು ಒಂದು ಮನವಿ ಬರೆದಿದ್ದೇನೆ. ಒಂದೇ ಒಕ್ಕಣೆ, ಬೆಂಗಳೂರಿಗೆ ಕನ್ನಡದಲ್ಲಿ, ಪಣಜಿಗೆ ಕೊಂಕಣಿಯಲ್ಲಿ. ಬಾಗಿಲ ಹತ್ತಿರ ಮೇಜಿನ ಮೇಲಿದೆ. ಪೂರ್ತಿ ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಆ ಟ್ಯಾಂಕರ್ ಹುಡುಗನ ಸಹಿ ಆಗಲೇ ಬಿದ್ದಿದೆ.