ಹತ್ತಿಕಾಳಿನ ಕಪ್ಪು ಚುಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹತ್ತಿಯ ತಳಿ ಸುಧಾರಣೆಯ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ, "ಯಾವ ಜೀನನ್ನು ಸೇರಿಸಿದ್ದೀರಿ?" ಎಂಬುದು. ಇದನ್ನು ಕೇಳಿ ಕೇಳಿ ನನಗೆ ತುಸು ಬೇಸರವೇ ಬಂದಿದೆ. ಬೇರಿನ ಕೋಶದಲ್ಲಿರುವ ಜೀನುಗಳೇ ಹೂವಿನ ಕೋಶದಲ್ಲಿಯೂ ಇವೆ. ಆದರೂ ಬೇರು ಬೇರಾಗಿ, ಹೂವು ಹೂವಾಗಿ ಬೆಳೆಯುವುದು ಯಾವ ಜೀನು ಎಲ್ಲಿ ಮತ್ತು ಯಾವಾಗ ದುಡಿಯುತ್ತದೆ ಎಂಬುದರಿಂದ. ಎಲ್ಲಿ, ಯಾವಾಗ ಎಂಬ ಈ ಎರಡು ಪದಗಳನ್ನು ದಯವಿಟ್ಟು ನೆನಪಿಡಿ.

ಹತ್ತಿಕಾಳೊಂದನ್ನು ಬ್ಲೇಡಿನಿಂದ ಅಡ್ಡಲಾಗಿ ಸೀಳಿದರೆ, ಕೆನೆಬಣ್ಣದ ತಿರುಳಿನ ತುಂಬ ಸಾಸಿವೆಗಿಂತಲೂ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಗಾಸಿಪಾಲ್ ಎಂಬ ವಿಷವನ್ನು ತುಂಬಿಕೊಂಡಿರುವ ಗ್ರಂಥಿಗಳು. ಒಂದು ಕಿಲೋ ಅರಳೆಯೊಂದಿಗೆ ಗಿಡವು ಸುಮಾರು 1.65 ಕಿಲೋ ಕಾಳನ್ನೂ ಕೊಡುತ್ತದೆ, ಅದರಲ್ಲಿ ಶೇಕಡಾ 23ರಷ್ಟು ಪ್ರೋಟೀನ್ ಇದೆ. ಮೆಲುಕು ಹಾಕುವ ದನಗಳು ಹತ್ತಿಕಾಳಿನ ಹಿಂಡಿಯನ್ನು ತಾಳಿಕೊಳ್ಳುತ್ತವೆ, ಆದರೆ ಕೋಳಿಗೂ ಮನುಷ್ಯನಿಗೂ ಅದು ಒಗ್ಗುವುದಿಲ್ಲ.

1950ರ ದಶಕದಲ್ಲಿ ಅಮೆರಿಕದ ತಳಿತಜ್ಞರು, ಅಲ್ಲಿನ ಹೋಪಿ ಜನರು ಬೆಳೆಯುತ್ತಿದ್ದ ಹತ್ತಿಯಿಂದ ದೊರೆತ ಗುಣವೊಂದನ್ನು ಹಿಡಿದು, ಗ್ರಂಥಿಗಳೇ ಇಲ್ಲದ ತಳಿಗಳನ್ನು ರೂಪಿಸಿದರು. ಕಾಳು ಶುದ್ಧವಾಯಿತು, ಎಲ್ಲರಿಗೂ ಹಿಗ್ಗಾಯಿತು. ಆದರೆ ಗ್ರಂಥಿಗಳು ಎಲೆಯಿಂದಲೂ ಮೊಗ್ಗಿನಿಂದಲೂ ಮಾಯವಾಗಿದ್ದವು. ಅದುವರೆಗೆ ಹತ್ತಿಯನ್ನು ಮೂಸಿಯೂ ನೋಡದಿದ್ದ ಕೀಟಗಳು ಬಂದು ಗಿಡವನ್ನು ಮೇಯತೊಡಗಿದವು. ರೈತರು ಆ ತಳಿಗಳನ್ನು ಕೈಬಿಟ್ಟರು, ಬಿಟ್ಟದ್ದೇ ಸರಿ.

ಹಲವು ದಶಕಗಳ ನಂತರ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೀರ್ತಿ ರಾಥೋರ್ ಮತ್ತು ಸಂಗಡಿಗರು ಅದೇ ಸಮಸ್ಯೆಯನ್ನು ಮತ್ತೆ ಕೈಗೆತ್ತಿಕೊಂಡರು. ಗಾಸಿಪಾಲ್ ತಯಾರಿಕೆಯ ಆರಂಭದ ಹಂತವನ್ನು ನಡೆಸುವ ಜೀನಿನ ಬಾಯಿ ಮುಚ್ಚಿಸುವ ತುಣುಕೊಂದನ್ನು ಸಿದ್ಧಪಡಿಸಿ, ಅದಕ್ಕೆ ಕಾಳು ಬಲಿಯುವಾಗ ಮಾತ್ರ ಒತ್ತಲ್ಪಡುವ ಸ್ವಿಚ್ಚನ್ನು ಜೋಡಿಸಿದರು. ಆ ಸ್ವಿಚ್ಚು ಹೊರಗಿನದಲ್ಲ, ಕಾಳಿನಲ್ಲಿ ಪ್ರೋಟೀನ್ ಕೂಡಿಡುವ ಹತ್ತಿಯ ಸ್ವಂತ ಜೀನಿನದು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು: ಎಲೆಯಲ್ಲಿ ವಿಷ ಇದ್ದಂತೆಯೇ ಇತ್ತು, ಕಾಳಿನಲ್ಲಿ ಹೇಳಹೆಸರಿಲ್ಲದಷ್ಟು ಇಳಿದಿತ್ತು. ಅಮೆರಿಕದ ಕೃಷಿ ಇಲಾಖೆ 2018ರಲ್ಲಿ ಇದರ ಬೇಸಾಯಕ್ಕೆ ದಾರಿ ತೆರೆಯಿತು. ಎಲ್ಲಿ, ಯಾವಾಗ ಎಂದು ನಾನು ಹೇಳಿದ್ದು ಇದನ್ನೇ.

ಗಡಿಯಾರ ನನ್ನನ್ನು ಎಚ್ಚರಿಸುತ್ತಿದೆ, ಆದರೂ ಬಿಟಿ ಹತ್ತಿಯ ಬಗ್ಗೆ ಒಂದು ಮಾತು. ಅದರಲ್ಲಿ ಹುಳುವನ್ನು ಕೊಲ್ಲುವ ಪ್ರೋಟೀನ್ ಎಳೆಯ ಎಲೆಯಲ್ಲಿ ಧಾರಾಳವಾಗಿರುತ್ತದೆ, ಗಿಡಕ್ಕೆ ವಯಸ್ಸಾದಂತೆ ಇಳಿಯುತ್ತದೆ. ಕಾಯಿಯ ಸಿಪ್ಪೆಯಲ್ಲಂತೂ ಕಡಿಮೆಯೇ. ಕಾಯಿಕೊರಕ ಕೊರೆಯುವುದು ಕಾಯಿಯನ್ನು! ಜೀನು ಸರಿಯಾದದ್ದೇ, ಆದರೆ ಅದು ದುಡಿಯುವ ಜಾಗವೂ ಹೊತ್ತೂ ಹುಳುವಿನ ಊಟದ ಜಾಗಕ್ಕೂ ಹೊತ್ತಿಗೂ ಹೊಂದಬೇಕಲ್ಲವೇ?

ಇನ್ನು ನೂಲಿನ ಎಳೆ. ಒಂದೊಂದು ಎಳೆಯೂ ಕಾಳಿನ ಮೈಮೇಲಿನ ಒಂದೇ ಒಂದು ಕೋಶ, ಸುಮಾರು ಮೂರು ಸೆಂಟಿಮೀಟರಿನವರೆಗೂ ಚಾಚಿಕೊಳ್ಳುವಂಥದ್ದು. ಹೂವರಳಿದ ಮೊದಲ ಮೂರು ವಾರ ಅದು ಉದ್ದವಾಗುತ್ತದೆ, ಆನಂತರ ಒಳಗಿನಿಂದ ದಪ್ಪವಾಗುತ್ತದೆ. ಉದ್ದದ ಜೀನನ್ನು ಐದನೆಯ ವಾರದಲ್ಲಿ ಎಬ್ಬಿಸಿದರೆ ಆಗುವುದೇನೂ ಇಲ್ಲ. ಈ ಭಾಗಕ್ಕೆಂದು ಬರೆದು ತಂದಿದ್ದ ನಾಲ್ಕು ಪುಟಗಳ ಹೊತ್ತನ್ನು ಆ ಕಪ್ಪು ಚುಕ್ಕೆಗಳೇ ನುಂಗಿಬಿಟ್ಟವು. ನಮಸ್ಕಾರ.