ಐದು ಡಾಲರಿನ ದಂಡದ ಚೀಟಿ

ಎಲ್ಲರಿಗೂ ನಮಸ್ಕಾರ.

ಕೆನಡಾದಲ್ಲಿ ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಸಮಾನ ಸ್ಥಾನ ಕೊಡುವ ಅಧಿಕೃತ ಭಾಷೆಗಳ ಕಾಯ್ದೆ 1969ರಿಂದ ಇದೆ, ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚಿಗೆ ಬಲವಿದೆ. ಇದು ನಿಮಗೆ ಗೊತ್ತಿರುವುದೇ. ಇವತ್ತಿನ ಮಾತು ಕ್ವಿಬೆಕ್‌ನ ಹೊರಗೆ, ಇಂಗ್ಲಿಷಿನ ನಡುವೆ ಬಾಳಬೇಕಾದ ಫ್ರೆಂಚಿನದು. ಅಲ್ಲಿ ಹಲವೆಡೆ ಕಾನೂನಿಗೆ ಬರವಿರಲಿಲ್ಲ. ಬೀಗದ ಕೈ ಮಾತ್ರ ಆ ಭಾಷೆಯವರ ಬಳಿ ಇರಲಿಲ್ಲ.

ಮ್ಯಾನಿಟೋಬಾ ನೋಡಿ. 1870ರಲ್ಲಿ ಪ್ರಾಂತ್ಯ ಹುಟ್ಟಿದ ಕಾಯ್ದೆಯಲ್ಲೇ 23ನೇ ಕಲಂ ಇದೆ: ಶಾಸನಸಭೆಯಲ್ಲಿ, ಕೋರ್ಟಿನಲ್ಲಿ ಎರಡೂ ಭಾಷೆ ಬಳಸಬಹುದು; ಕಾಯ್ದೆಗಳು ಎರಡರಲ್ಲೂ ಅಚ್ಚಾಗಲೇಬೇಕು. 1890ರಲ್ಲಿ ಪ್ರಾಂತ್ಯ ಇಂಗ್ಲಿಷ್ ಒಂದೇ ಸಾಕೆಂದಿತು. ಅದು ಅಸಿಂಧು ಎಂದು ಅಲ್ಲಿನ ಕೋರ್ಟು 1892ರಲ್ಲಿ ಹೇಳಿತು, 1909ರಲ್ಲಿ ಮತ್ತೆ ಹೇಳಿತು. ಸರ್ಕಾರ ಕಿವಿಗೇ ಹಾಕಿಕೊಳ್ಳಲಿಲ್ಲ. 1916ರಲ್ಲಿ ದ್ವಿಭಾಷಾ ಶಾಲೆಗಳೂ ರದ್ದಾದವು.

1976ರಲ್ಲಿ ಜಾರ್ಜ್ ಫೊರೆ ಎಂಬ ವಿಮಾ ಏಜೆಂಟರಿಗೆ 5 ಡಾಲರಿನ ಪಾರ್ಕಿಂಗ್ ದಂಡದ ಚೀಟಿ ಬಂತು, ಬರೀ ಇಂಗ್ಲಿಷಿನಲ್ಲಿ. ದಂಡ ಕಟ್ಟಿ ಸುಮ್ಮನಾಗಬಹುದಿತ್ತು. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1979ರ ಡಿಸೆಂಬರಿನಲ್ಲಿ 1890ರ ಕಾಯ್ದೆ ಬಿದ್ದುಹೋಯಿತು. 89 ವರ್ಷ! ಹಾಗಾದರೆ ಇಂಗ್ಲಿಷಿನಲ್ಲಷ್ಟೇ ಮಾಡಿದ ಉಳಿದ ಕಾಯ್ದೆಗಳ ಗತಿ? ಎಲ್ಲವೂ ಅಸಿಂಧು ಎಂದಿತು ಕೋರ್ಟು, 1985ರಲ್ಲಿ. ಒಮ್ಮೆಗೇ ತೆಗೆದರೆ ಪ್ರಾಂತ್ಯದಲ್ಲಿ ಕಾನೂನೇ ಇರುವುದಿಲ್ಲವಲ್ಲ, ಆದ್ದರಿಂದ ಅನುವಾದಿಸಿ, ಮತ್ತೆ ಅಂಗೀಕರಿಸಿ, ಅಚ್ಚು ಹಾಕುವಷ್ಟು ಕಾಲ ಅವಕ್ಕೆ ಜೀವ ಕೊಟ್ಟಿತು. ಆ ಹೊತ್ತಿಗೆ ಎಷ್ಟು ತಲೆಮಾರು ಇಂಗ್ಲಿಷ್ ಶಾಲೆಯಲ್ಲೇ ಓದಿ ಮುಗಿಸಿತ್ತು, ಯೋಚಿಸಿ.

ಇನ್ನು ಕೆನಡಾ ಸಂವಿಧಾನದ 1982ರ ಹಕ್ಕುಗಳ ಸನ್ನದು. ಅದರಲ್ಲೂ 23ನೇ ಕಲಮೇ, ಎರಡನ್ನೂ ಬೆರೆಸಿಕೊಳ್ಳಬೇಡಿ. ಇಲ್ಲಿ ಮಕ್ಕಳನ್ನು ಫ್ರೆಂಚಿನಲ್ಲಿ ಓದಿಸುವ ಹಕ್ಕು ತಂದೆತಾಯಿಯದು. ಅವರು ಕೆನಡಾದ ಪ್ರಜೆಗಳಾಗಿದ್ದು, ಮಾತೃಭಾಷೆ ಫ್ರೆಂಚ್ ಆಗಿರಬೇಕು. ಇಲ್ಲವೇ ಅವರೇ ಕೆನಡಾದಲ್ಲಿ ಫ್ರೆಂಚಿನಲ್ಲಿ ಪ್ರಾಥಮಿಕ ಶಿಕ್ಷಣ ಪಡೆದಿರಬೇಕು. ಇಲ್ಲವೇ ಅವರ ಒಂದು ಮಗು ಅಲ್ಲಿ ಫ್ರೆಂಚಿನಲ್ಲಿ ಓದಿರಬೇಕು ಅಥವಾ ಓದುತ್ತಿರಬೇಕು. ಶಾಲೆ ಸರ್ಕಾರದ ಖರ್ಚಿನಲ್ಲಿ, ಆದರೆ 'ಸಂಖ್ಯೆ ಸಾಕಷ್ಟಿದ್ದರೆ'. ನಮ್ಮ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. ಅವರದು ನೇರವಾಗಿ ಹಕ್ಕು ಎನ್ನುತ್ತದೆ.

ಎಡವುವುದು ಆ ಸಂಖ್ಯೆಯಲ್ಲೇ. ಶಾಲೆಯೇ ಇಲ್ಲದ ಊರಲ್ಲಿ ಅರ್ಜಿ ಎಣಿಸಿದರೆ ಎಷ್ಟು ಸಿಕ್ಕೀತು? ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ ನಗರದ ಪೋಷಕರ ಮೊಕದ್ದಮೆಯಲ್ಲಿ, 1990ರಲ್ಲಿ, ಸುಪ್ರೀಂ ಕೋರ್ಟ್ ಅಳತೆ ಕೊಟ್ಟಿತು: ಈಗ ಕೇಳುತ್ತಿರುವವರು ಒಂದು ತುದಿ, ಅರ್ಹರೆಲ್ಲರೂ ಇನ್ನೊಂದು ತುದಿ, ಲೆಕ್ಕ ಇವೆರಡರ ನಡುವೆ. ಸಂಖ್ಯೆ ಕಡಿಮೆಯಿದ್ದರೆ ಪಾಠವಷ್ಟೇ, ಹೆಚ್ಚಿದ್ದರೆ ಪ್ರತ್ಯೇಕ ಶಾಲಾ ಮಂಡಳಿ. ಅಲ್ಪಸಂಖ್ಯಾತರ ಪ್ರತಿನಿಧಿಗಳೇ ಶಿಕ್ಷಕರ ನೇಮಕ, ಪಾಠಕ್ರಮ, ಹಣದ ವೆಚ್ಚ ನಿರ್ಧರಿಸಬೇಕು ಎಂದೂ ಹೇಳಿತು. ನಾನು ಹೇಳಿದ ಬೀಗದ ಕೈ ಇದೇ. ಆದರೂ ಅರ್ಹ ಮಕ್ಕಳನ್ನೆಲ್ಲ ಜನಗಣತಿ ಮೊದಲ ಬಾರಿಗೆ ಎಣಿಸಿದ್ದು 2021ರಲ್ಲಿ.

ಸಮಯವಾಯಿತು, ಒಂಟಾರಿಯೊ ಬೇಗ ಹೇಳಿಬಿಡುತ್ತೇನೆ. 1986ರ ಕಾಯ್ದೆಯಂತೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಪ್ರಾಂತ್ಯದ ಕಚೇರಿಗಳು ಫ್ರೆಂಚಿನಲ್ಲಿ ಸೇವೆ ಕೊಡಬೇಕು. ಹಾಗಿದ್ದೂ 1997ರಲ್ಲಿ ಒಟ್ಟಾವಾ ನಗರದಲ್ಲಿ ಫ್ರೆಂಚಿನಲ್ಲಿ ನಡೆಯುವ ಮಾಂಫರ್ ಆಸ್ಪತ್ರೆಯನ್ನು ಪ್ರಾಂತ್ಯದವರೇ ಮುಚ್ಚಲು ಹೊರಟರು. ಜನ ಬೀದಿಗಿಳಿದ ಮೇಲೆ ಸೇವೆಗಳನ್ನು ಕತ್ತರಿಸುತ್ತೇವೆ ಎಂದರು. 2001ರಲ್ಲಿ ಪ್ರಾಂತ್ಯದ ಮೇಲ್ಮನವಿ ಕೋರ್ಟು ಅದನ್ನು ತಡೆಯಿತು: ಆ ಆಸ್ಪತ್ರೆ ಫ್ರೆಂಚಿನಲ್ಲಿ ವೈದ್ಯರನ್ನು ತಯಾರು ಮಾಡುವ ಜಾಗ, ಅದನ್ನು ಕುಗ್ಗಿಸಿದರೆ ಮುಂದೆ ಫ್ರೆಂಚಿನಲ್ಲಿ ರೋಗಿಯ ಮಾತು ಕೇಳುವ ವೈದ್ಯರು ಎಲ್ಲಿಂದ ಬರಬೇಕು?