ಸರಾಸರಿ ಕೇಳೋ ಮೊದಲು ಖಾಲಿ ಮನೆ ಎಷ್ಟಿದೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇಟ್ಕೊಂಡು ಒಂದು ಡೇಟಾವನ್ನ ಹೇಗೆ ನೋಡೋದು ಅಂತ ಮಾತಾಡೋಣ. ಡಿಗ್ರಿಯಲ್ಲಿ ಸ್ಟಾಟಿಸ್ಟಿಕ್ಸ್ ತಗೊಂಡಿರೋರು, ಥೀಸಿಸ್ ಬರೀತಿರೋರು, ಆಫೀಸಲ್ಲಿ ದಿನಾ ಎಕ್ಸೆಲ್ ಶೀಟ್ ಜೊತೆ ಗುದ್ದಾಡೋರು, ಎಲ್ಲರಿಗೂ ಇದು ಬೇಕಾಗುತ್ತೆ. ಆರ್ ಹುಟ್ಟಿದ್ದು 1990ರ ದಶಕದ ಶುರುವಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, ರಾಸ್ ಇಹಾಕಾ ಮತ್ತೆ ರಾಬರ್ಟ್ ಜೆಂಟಲ್‌ಮನ್ ಅನ್ನೋ ಇಬ್ಬರ ಕೈಯಲ್ಲಿ. ಅದಕ್ಕೂ ಮುಂಚೆ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು ಮಾಡಿದ್ದ ಎಸ್ ಭಾಷೆಯ ದಾರೀಲೇ ಇದೂ ನಡೆದಿದ್ದು. 2000ದ ಫೆಬ್ರವರಿ 29ಕ್ಕೆ ಮೊದಲ ಪೂರ್ಣ ಆವೃತ್ತಿ ಬಂತು. ದುಡ್ಡು ಕೊಡ್ಬೇಕಿಲ್ಲ, ಯಾರು ಬೇಕಾದ್ರೂ ಇಳಿಸ್ಕೋಬಹುದು, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ.

ಆರ್ ಹಾಕ್ಕೊಂಡ್ರೆ ಅದರ ಜೊತೇಲೇ ಕಲಿಯೋಕೆ ಅಂತ ಕೆಲವು ಡೇಟಾ ಬಂದಿರುತ್ತೆ, ಅದರಲ್ಲಿ ನಂಗೆ ತುಂಬಾ ಇಷ್ಟವಾದದ್ದು ಏರ್‌ಕ್ವಾಲಿಟಿ ಅನ್ನೋದು. ನ್ಯೂಯಾರ್ಕ್ ನಗರದ್ದು, 1973ರ ಮೇ 1ರಿಂದ ಸೆಪ್ಟೆಂಬರ್ 30ರ ತನಕ, ಒಟ್ಟು 153 ದಿನ. ಒಂದೊಂದು ದಿನಕ್ಕೆ ಒಂದೊಂದು ಸಾಲು. ರೂಸ್‌ವೆಲ್ಟ್ ದ್ವೀಪದಲ್ಲಿ ಮಧ್ಯಾಹ್ನ ಒಂದರಿಂದ ಮೂರು ಗಂಟೆವರೆಗೆ ಗಾಳಿಯಲ್ಲಿ ಓಜೋನ್ ಎಷ್ಟಿತ್ತು, ಸೆಂಟ್ರಲ್ ಪಾರ್ಕಲ್ಲಿ ಬಿಸಿಲು ಎಷ್ಟು, ಲಗಾರ್ಡಿಯಾ ಏರ್‌ಪೋರ್ಟಲ್ಲಿ ಗಾಳಿ ವೇಗ ಎಷ್ಟು, ಆ ದಿನದ ಗರಿಷ್ಠ ತಾಪಮಾನ ಎಷ್ಟು, ಆಮೇಲೆ ತಿಂಗಳು ಮತ್ತೆ ತಾರೀಕು, ಇಷ್ಟು ಕಾಲಂ ಇದೆ. ಆಕಾಶದ ಮೇಲಿರೋ ಓಜೋನ್ ನಮ್ಮನ್ನ ಕಾಪಾಡುತ್ತೆ, ಆದ್ರೆ ನೆಲದ ಹತ್ರ ಇರೋದು ಬೇರೆ ಕಥೆ, ಅದು ಗಾಡಿ ಹೊಗೆ, ಕಾರ್ಖಾನೆ ಹೊಗೆಗೆ ಬಿಸಿಲು ಬಿದ್ದಾಗ ಹುಟ್ಟಿಕೊಳ್ಳೋದು, ಶ್ವಾಸಕೋಶಕ್ಕೆ ಕೆಟ್ಟದ್ದು.

ಈಗ ಸಮ್ಮರಿ ಅಂತ ಟೈಪ್ ಮಾಡಿ, ಬ್ರಾಕೆಟ್ ಒಳಗೆ ಏರ್‌ಕ್ವಾಲಿಟಿ ಅಂತ ಹಾಕಿ ಎಂಟರ್ ಹೊಡೀರಿ. ಕಣ್ಣು ಮಿಟುಕಿಸೋದರೊಳಗೆ ಪ್ರತಿ ಕಾಲಮ್ಮಿಗೂ ಕನಿಷ್ಠ, ಗರಿಷ್ಠ, ಸರಾಸರಿ, ಮಧ್ಯಾಂಕ, ಎರಡು ಕ್ವಾರ್ಟೈಲ್ ಎಲ್ಲ ಬಂದುಬಿಡುತ್ತೆ. ಅಳತೆಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ರೆ ನಟ್ಟನಡುವೆ ಬರೋದು ಮಧ್ಯಾಂಕ, ಕಾಲು ಭಾಗಕ್ಕೂ ಮುಕ್ಕಾಲು ಭಾಗಕ್ಕೂ ಬರೋದು ಕ್ವಾರ್ಟೈಲ್. ಓಜೋನ್ ಕೆಳಗೆ ಕನಿಷ್ಠ 1, ಮಧ್ಯಾಂಕ 31.5, ಸರಾಸರಿ 42.13, ಗರಿಷ್ಠ 168 ಅಂತ ಬರುತ್ತೆ. ಸುಮಾರು ಜನ ಇಲ್ಲಿಗೇ ನಿಲ್ಲಿಸಿ ಸರಾಸರಿ ಎತ್ಕೊಂಡು ರಿಪೋರ್ಟಿಗೆ ಹಾಕ್ಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಇನ್ನೂ ಒಂದು ಸಾಲು ಕೆಳಗೆ ಕಣ್ಣು ಹಾಯಿಸಿ. ಅಲ್ಲಿ ಎನ್‌ಎ 37 ಅಂತ ಇರುತ್ತೆ. ಎನ್‌ಎ ಅಂದ್ರೆ ಅಳತೆ ಸಿಗದ ಖಾಲಿ ಮನೆ, 153 ದಿನದಲ್ಲಿ 37 ದಿನ ಓಜೋನ್ ಅಳತೇನೇ ಇಲ್ಲ. ಆ 42.13 ಬಂದಿರೋದು ಮಿಕ್ಕ 116 ದಿನದಿಂದ ಮಾತ್ರ.

ಇದೇ ಸರಾಸರಿಯನ್ನ ಮೀನ್ ಅನ್ನೋ ಫಂಕ್ಷನ್ನಲ್ಲಿ ನೇರವಾಗಿ ಕೇಳಿದ್ರೆ ಆರ್ ನಂಬರ್ ಕೊಡಲ್ಲ, ಎನ್‌ಎ ಅಂತ ಹೇಳಿ ಸುಮ್ಮನಾಗುತ್ತೆ. ಹೊಸಬರಿಗೆ ಇದು ಸಿಟ್ಟು ಬರಿಸುತ್ತೆ, ಆದ್ರೆ ನನ್ನ ಮಟ್ಟಿಗೆ ಇದು ಈ ಭಾಷೆಯ ದೊಡ್ಡ ಗುಣ, ಯಾಕಂದ್ರೆ 37 ದಿನದ ಲೆಕ್ಕ ಗೊತ್ತಿಲ್ದೆ 153 ದಿನದ ಸರಾಸರಿ ಹೇಗೆ ಹೇಳೋಕಾಗುತ್ತೆ ನೀವೇ ಹೇಳಿ. ಖಾಲಿ ಇರೋದನ್ನ ಬಿಟ್ಟು ಲೆಕ್ಕ ಹಾಕು ಅಂತ ನೀವೇ ಬಾಯ್ಬಿಟ್ಟು ಹೇಳ್ಬೇಕು, ಅದಕ್ಕೆ ಎನ್‌ಎ ಡಾಟ್ ಆರ್‌ಎಂ ಈಕ್ವಲ್ ಟು ಟ್ರೂ ಅಂತ ಸೇರಿಸ್ಬೇಕು, ಆಗ 42.13 ಕೊಡುತ್ತೆ. ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳೋ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೂ ಇದೇ ನಿಯಮ, ಅದು ಸುಮಾರು 33 ಬರುತ್ತೆ.

ಸರಾಸರಿ 42 ಇದ್ದು ಮಧ್ಯಾಂಕ 31.5 ಯಾಕೆ? ಕೆಲವೇ ಕೆಲವು ದಿನ ಓಜೋನ್ ವಿಪರೀತ ಏರಿದೆ, ಆ ದಿನಗಳು ಸರಾಸರಿಯನ್ನ ಮೇಲಕ್ಕೆ ಎಳೆದಿವೆ. 168 ಬಂದ ದಿನ ಯಾವುದು ಅಂತ ಹುಡುಕಿದ್ರೆ ಆಗಸ್ಟ್ 25 ಸಿಗುತ್ತೆ, ಆವತ್ತು ಗಾಳಿ ಗಂಟೆಗೆ ಬರೀ 3.4 ಮೈಲಿ, ಅಂದ್ರೆ ಗಾಳಿ ಆಡ್ತಾನೇ ಇರಲಿಲ್ಲ ಅನ್ನಬಹುದು, ಹೊಗೆಯೆಲ್ಲ ನಿಂತಲ್ಲೇ ನಿಂತಿತ್ತು. ಕನಿಷ್ಠ 1 ಬಂದದ್ದು ಮೇ 21ಕ್ಕೆ, ಆವತ್ತಿನ ಬಿಸಿಲಿನ ಅಳತೆ 8, ಮಾಮೂಲಿ ದಿನಗಳಲ್ಲಿ ಇದು ಇನ್ನೂರರ ಆಚೆ ಈಚೆ ಇರುತ್ತೆ, ಬಿಸಿಲೇ ಇಲ್ಲ ಅಂದ್ಮೇಲೆ ಓಜೋನ್ ಎಲ್ಲಿಂದ ಹುಟ್ಟುತ್ತೆ. ಕನಿಷ್ಠ ಗರಿಷ್ಠ ಬಂದಾಗ ಆ ಸಾಲಿಗೆ ಹೋಗಿ ಪಕ್ಕದ ಕಾಲಂ ನೋಡೋ ಅಭ್ಯಾಸ ಇಟ್ಕೊಳಿ, ಎಷ್ಟೋ ಸಲ ಟೈಪಿಂಗ್ ತಪ್ಪು ಸಿಕ್ಕಿಬೀಳೋದೂ ಅಲ್ಲೇ.

ಸಮ್ಮರಿ ತಿಂಗಳಿನ ಸರಾಸರಿಯನ್ನೂ ಕೊಡುತ್ತೆ, 6.993 ಅಂತ. ಇದಕ್ಕೆ ಅರ್ಥ ಇಲ್ಲ. ಮೇ ತಿಂಗಳನ್ನ 5, ಜೂನನ್ನ 6 ಅಂತ ಬರೆದಿರೋದ್ರಿಂದ ಆರ್ ಅದನ್ನ ಬರೀ ನಂಬರ್ ಅಂದ್ಕೊಂಡಿದೆ. ಫ್ಯಾಕ್ಟರ್ ಅನ್ನೋ ಫಂಕ್ಷನ್ನಿಂದ ಇದು ನಂಬರ್ ಅಲ್ಲ, ಗುಂಪಿನ ಹೆಸರು ಅಂತ ತಿಳಿಸಿ, ಆಗ ಸಮ್ಮರಿ ಯಾವ ತಿಂಗಳಲ್ಲಿ ಎಷ್ಟು ದಿನ ಅಂತ ಎಣಿಸಿ ಕೊಡುತ್ತೆ. ನಮ್ಮ ಪಿನ್‌ಕೋಡು, ರೋಲ್ ನಂಬರು, ವಾರ್ಡ್ ನಂಬರು ಎಲ್ಲಕ್ಕೂ ಇದೇ ಮಾತು.

ಈಗ ಓಜೋನನ್ನ ತಿಂಗಳುವಾರು ನೋಡೋಣ, ಗುಂಪು ಗುಂಪಾಗಿ ಲೆಕ್ಕ ಹಾಕೋ ಅಗ್ರಿಗೇಟ್ ಅಥವಾ ಟಿ-ಅಪ್ಲೈ ಫಂಕ್ಷನ್ ಎರಡರಲ್ಲಿ ಯಾವುದಾದ್ರೂ ಆಗುತ್ತೆ. ಸರಾಸರಿ ಕೇಳಿದ್ರೆ ಜುಲೈಗೆ 59.12, ಆಗಸ್ಟ್‌ಗೆ 59.96, ಹೆಚ್ಚು ಕಮ್ಮಿ ಸಮ ಸಮ, ಆಗಸ್ಟೇ ಒಂಚೂರು ಜಾಸ್ತಿ ಅನ್ಸುತ್ತೆ. ಮಧ್ಯಾಂಕ ಕೇಳಿ ನೋಡಿ, ಜುಲೈ 60, ಆಗಸ್ಟ್ 52. ತಿರುಗಿಬಿತ್ತಲ್ಲ? ಆಗಸ್ಟಲ್ಲಿ 168, 122, 118, 110 ಅಂತ ನಾಲ್ಕು ಭಾರೀ ದಿನ ಕೂತಿವೆ, ಅವು ಸರಾಸರಿಯನ್ನ ಎತ್ತಿಬಿಟ್ಟಿವೆ, ಉಳಿದ ದಿನ ನೋಡಿದ್ರೆ ಜುಲೈಯೇ ಕೆಟ್ಟದ್ದು. ಯಾವುದು ಸರಿ ಅಂದ್ರೆ ಎರಡೂ ಸರಿ, ಪ್ರಶ್ನೆ ಬೇರೆ ಬೇರೆ, ಅದಕ್ಕೇ ಎರಡನ್ನೂ ಬರೀರಿ ಅಂತ ನಾನು ಹೇಳೋದು.

ಇಲ್ಲಿ ಒಂದು ಸಣ್ಣ ವಿಷಯ, ಸಮ್ಮರಿಯಲ್ಲಿ ಓಜೋನ್‌ನ ಮೂರನೇ ಕ್ವಾರ್ಟೈಲ್ 63.25 ಇದ್ರೆ ಫೈವ್‌ನಮ್ ಅನ್ನೋ ಇನ್ನೊಂದು ಫಂಕ್ಷನ್ನಲ್ಲಿ 63.5 ಬರುತ್ತೆ. ಗಾಬರಿಯಾಗ್ಬೇಡಿ, ಕ್ವಾರ್ಟೈಲ್ ಲೆಕ್ಕ ಹಾಕೋಕೆ ಹಲವು ವಿಧಾನ ಇವೆ, ಆರ್‌ನ ಕ್ವಾಂಟೈಲ್ ಫಂಕ್ಷನ್ನಲ್ಲೇ ಒಂಬತ್ತಿವೆ.

ಜೂನ್ ತಿಂಗಳ ಸರಾಸರಿ 29.44. ನೋಡೋಕೆ ಜುಲೈನ ಅರ್ಧ, ಜೂನಲ್ಲಿ ಗಾಳಿ ಚೆನ್ನಾಗಿತ್ತು ಅಂತ ಹೇಳ್ಬಿಡ್ಬಹುದು. ಆದ್ರೆ ಯಾವ ಮನೆ ಖಾಲಿ ಅಂತ ಹೇಳೋ ಈಸ್ ಡಾಟ್ ಎನ್‌ಎ ಅನ್ನೋದನ್ನ ತಿಂಗಳುವಾರು ಕೂಡಿ ನೋಡಿ, ಮಿಕ್ಕ ನಾಲ್ಕು ತಿಂಗಳಲ್ಲಿ ಖಾಲಿ ಇರೋದು ಮೇಯಲ್ಲಿ 5, ಜುಲೈಯಲ್ಲಿ 5, ಆಗಸ್ಟಲ್ಲಿ 5, ಸೆಪ್ಟೆಂಬರಲ್ಲಿ 1, ಜೂನ್ ಒಂದರಲ್ಲೇ 21! ಮೂವತ್ತು ದಿನದಲ್ಲಿ ಅಳತೆ ಇರೋದು ಒಂಬತ್ತೇ ದಿನ. ಅದರಲ್ಲೂ ಜೂನ್ 21ರಿಂದ 30ರ ತನಕ ಹತ್ತು ದಿನ ಸಾಲಾಗಿ ಎನ್‌ಎ, ಜೂನ್ 20ಕ್ಕೆ 13 ಇದ್ದ ಓಜೋನ್ ಜುಲೈ 1ಕ್ಕೆ ಮತ್ತೆ ಕಾಣಿಸ್ಕೊಳ್ಳೋವಾಗ 135! ಆ ಹತ್ತು ದಿನದಲ್ಲಿ ಓಜೋನ್ ಏರ್ತಾ ಇತ್ತಾ, ಒಂದೇ ದಿನ ನೆಗೆದದ್ದಾ, ಈ ಡೇಟಾ ಇಟ್ಕೊಂಡು ಯಾರೂ ಹೇಳೋಕಾಗಲ್ಲ. ಟ್ರೂ ಅಂತ ಒಂದು ಪದ ಸೇರಿಸಿದ ತಕ್ಷಣ ಆ ಇಪ್ಪತ್ತೊಂದು ದಿನ ಲೆಕ್ಕದಿಂದ ಸದ್ದಿಲ್ದೆ ಹೋಗ್ಬಿಡುತ್ತೆ, 29.44 ಮಾತ್ರ ಎರಡು ದಶಾಂಶ ಸಮೇತ ಉಳಿಯುತ್ತೆ, ನಂಗೆ ನಿಜಕ್ಕೂ ಭಯ ಆಗೋದು ಇಲ್ಲಿ.

ನಿಮ್ಮದೇ ಫೈಲ್ ಆದ್ರೆ ಇನ್ನೂ ಹುಷಾರಾಗಿರಿ. ಅಳತೆ ಸಿಗದ ಕಡೆ ಯಾರೋ ಸೊನ್ನೆ ಹಾಕಿರ್ತಾರೆ, ಇನ್ಯಾರೋ 999 ಹಾಕಿರ್ತಾರೆ, ಆರ್ ಅದನ್ನ ನಿಜವಾದ ಅಳತೆ ಅಂತಲೇ ನಂಬುತ್ತೆ. ಬರೀ ಒಂದು ಗೆರೆ ಎಳೆದು ಬಿಟ್ಟಿದ್ರೆ ಇಡೀ ಕಾಲಮ್ಮೇ ಅಕ್ಷರ ಆಗ್ಬಿಡುತ್ತೆ, ಸರಾಸರಿ ಬರೋದೇ ಇಲ್ಲ. ಫೈಲ್ ಓದಿಸೋವಾಗಲೇ ಎನ್‌ಎ ಡಾಟ್ ಸ್ಟ್ರಿಂಗ್ಸ್ ಅನ್ನೋ ಕಡೆ ಇವೆಲ್ಲ ಖಾಲಿ ಅಂತ ತಿಳಿಸಿ. ಆಮೇಲೆ ಸ್ಟ್ರ್ ಅನ್ನೋ ಫಂಕ್ಷನ್ ಓಡಿಸಿ ಯಾವ ಕಾಲಂ ನಂಬರ್ ಆಗಿದೆ ಯಾವುದು ಅಕ್ಷರ ಆಗಿದೆ ನೋಡ್ಕೊಳಿ, ಸಮ್ಮರಿ ಅದಾದ್ಮೇಲೆ. ಟೇಬಲ್ ಮಾಡೋವಾಗ ಸರಾಸರಿ, ಮಧ್ಯಾಂಕ, ಸ್ಟ್ಯಾಂಡರ್ಡ್ ಡೀವಿಯೇಷನ್ ಜೊತೆಗೆ ಎಷ್ಟು ಅಳತೆ ಇತ್ತು, ಎಷ್ಟು ಇರಲಿಲ್ಲ ಅಂತ ಇನ್ನೆರಡು ಕಾಲಂ ಹಾಕಿ, ಜೂನ್ ಸಾಲಲ್ಲಿ 29.44ರ ಪಕ್ಕ 9 ಮತ್ತೆ 21 ಅಂತ ಕಾಣಿಸ್ಲಿ. ನಮಸ್ಕಾರ.